ಸೋಮವಾರದ ಕುದುರೆ

ಜಬಲ್ಪುರ
14 ಜುಲೈ 2024

ಅತ್ತಿಗೆ,

ಬಂದು ತಲುಪಿದೆ. ಶಾಲೆಯ ಕ್ವಾರ್ಟರ್ಸ್ ಸಿಕ್ಕಿದೆ. ಕಿಟಕಿ ತೆರೆದರೆ ಎದುರಿಗೆ ನೀರಿನ ಟ್ಯಾಂಕು, ಅದರ ಮೇಲೆ ಎರಡು ಕೋತಿ. ಫೋನಿನಲ್ಲಿ ನಿಮಗೆ ಕೇಳಿಸುವುದಿಲ್ಲ, ಮೆಸೇಜು ನೋಡುವ ಅಭ್ಯಾಸವೂ ಇಲ್ಲ. ಕಾಗದವೇ ಸರಿ ಎಂದು ಹೊರಡುವಾಗ ಇಬ್ಬರೂ ಒಪ್ಪಿಕೊಂಡೆವಲ್ಲ, ಅದರಂತೆ ಬರೆಯುತ್ತಿದ್ದೇನೆ. ಇಂಗ್ಲಿಷ್ ಮೀಡಿಯಮ್ಮಿನಲ್ಲಿ ಓದಿದವಳ ಕನ್ನಡ. ತಪ್ಪಿದ್ದಲ್ಲಿ ನಿಮ್ಮ ಹಳೆಯ ಟೀಚರ್ ಕೆಲಸ ನೆನಪಿಸಿಕೊಂಡು ಕೆಂಪು ಗೀಟು ಹಾಕಿ.

ಬೆಳ್ಳಿಯನ್ನು ನಿಮ್ಮಲ್ಲಿ ಬಿಟ್ಟು ಬಂದದ್ದು ಸರಿಯೇ ಎಂದು ರೈಲಿನಲ್ಲಿ ಯೋಚಿಸುತ್ತಲೇ ಇದ್ದೆ. ಕುಣಿಗಲ್ಲಿನ ಸವಾರಿ ಮೈದಾನದವರ ಹತ್ತಿರವೇ ಬಿಡಬಹುದಿತ್ತು. ಆದರೆ ರೇಸು ಓಡಿ ಸುಸ್ತಾದ ಕುದುರೆ ಅವಳು, ವಯಸ್ಸಾಗಿದೆ. ನಾನಿಲ್ಲದಿದ್ದರೆ ಮತ್ತೆ ಬೆನ್ನ ಮೇಲೆ ಮಕ್ಕಳನ್ನು ಕೂರಿಸುತ್ತಾರೆ. ಅಣ್ಣ ಹೋದ ಮೇಲೆ ಗುಬ್ಬಿಯ ತೋಟದಲ್ಲಿ ನೀವೊಬ್ಬರೇ. ಒಬ್ಬರಿಗೊಬ್ಬರು ಜೊತೆಯಾಗಲಿ ಎಂದುಕೊಂಡೆ. ನನ್ನ ಅನುಕೂಲಕ್ಕೆ ಒಂದು ಒಳ್ಳೆಯ ಹೆಸರು ಕೊಟ್ಟುಕೊಂಡೆನೋ ಏನೋ.

ಆರೈಕೆ ಕಷ್ಟವಿಲ್ಲ. ಒಣಹುಲ್ಲು ಯಾವಾಗಲೂ ಮುಂದಿರಲಿ. ನೆನೆಸಿದ ಹುರುಳಿ ಬೆಳಿಗ್ಗೆ ಒಂದು ಬೊಗಸೆ, ಅಷ್ಟೇ. ತೋಟದ ಕೆಲಸದ ಜೊತೆಗೆ ಅಂಜನಪ್ಪ ದಿನವೂ ನಾಲ್ಕು ಕಾಲನ್ನೂ ಎತ್ತಿ ಗೊರಸಿನೊಳಗೆ ಸಿಕ್ಕಿಕೊಂಡ ಕಲ್ಲು, ಮಣ್ಣು ತೆಗೆಯಲಿ. ಬೆಲ್ಲ, ಅಕ್ಕಿ, ಬಾಳೆಹಣ್ಣು ಬೇಡ. ಹಸುವಿಗೆ ಕೊಟ್ಟ ಹಾಗೆ ಕುದುರೆಗೆ ಕೊಡುವಂತಿಲ್ಲ. ಸಿಹಿ ಹೆಚ್ಚಾದರೆ ಇದಕ್ಕೆ ಕೆಡುವುದು ಹೊಟ್ಟೆಯಷ್ಟೇ ಅಲ್ಲ, ಕಾಲು. ನಂಬುವುದು ಕಷ್ಟ, ಆದರೂ ನಂಬಿ.

ಏನಾದರೂ ಆದರೆ ಕುಣಿಗಲ್ಲಿನ ಕುದುರೆ ಡಾಕ್ಟರ್ ಮೋನಿಕಾ ಬರುತ್ತಾರೆ. ನಂಬರು ಅಂಜನಪ್ಪನ ಫೋನಿನಲ್ಲಿದೆ.

ಅನು


ಗುಬ್ಬಿ
9 ಆಗಸ್ಟ್ 2024

ಪ್ರೀತಿಯ ಅನು,

ಕಾಗದ ಬಂತು. ಕೆಂಪು ಗೀಟು ಎರಡೇ ಕಡೆ ಹಾಕಿದ್ದೇನೆ, ಬಂದಾಗ ತೋರಿಸುತ್ತೇನೆ.

ನಿನ್ನ ಕುದುರೆ ಮೊದಲ ವಾರ ನನ್ನನ್ನು ಇನ್‌ಸ್ಪೆಕ್ಷನ್ನಿಗೆ ಬಂದ ಅಧಿಕಾರಿಯ ಹಾಗೆ ನೋಡುತ್ತಿತ್ತು. ಈಗ ನಾನು ಹೊಸಿಲು ದಾಟಿದರೆ ಕಿವಿ ನಿಮಿರಿಸುತ್ತದೆ. ಅಂಜನಪ್ಪನಿಗೆ ಮಾತ್ರ ಅದರ ಮೇಲೆ ಇನ್ನೂ ಅನುಮಾನ. ಮೊನ್ನೆ ನನ್ನ ಮುಂದೆ ಬಂದು ನಿಂತು, ‘ಅಮ್ಮಾ, ಹಸ ಆದ್ರೆ ಹಾಲು ಕೊಡ್ತದೆ, ನಾಯಿ ಆದ್ರೆ ಬೊಗಳ್ತದೆ. ಇದ್ನ ಯಾತಕ್ಕೆ ಇಟ್ಕಂಡಿದೀವಿ?’ ಅಂದ. ನಿನ್ನನ್ನು ಯಾತಕ್ಕೆ ಇಟ್ಟುಕೊಂಡಿದ್ದೇನೋ ಅದಕ್ಕೇ ಅಂದೆ.

ಇಲ್ಲಿಗೆ ಬರುವವರು ಯಾರೂ ಇಲ್ಲ. ನಿನ್ನ ಅಣ್ಣ ಇದ್ದಾಗ ಕಾಯಿ ವ್ಯಾಪಾರದವರು, ಮಠದವರು, ಸಂಘದವರು ಎಂದು ಜಗಲಿ ತುಂಬಿರುತ್ತಿತ್ತು. ಈಗ ನೆಂಟರು ಮದುವೆಯ ಪತ್ರಿಕೆಯನ್ನು ಗೇಟಿನ ಕಂಬಿಗೆ ಸಿಕ್ಕಿಸಿ ಹೋಗುತ್ತಾರೆ. ಕೂಗಿದರೆ ನನಗೆ ಕೇಳಿಸುವುದಿಲ್ಲ ಎನ್ನುವುದು ಅವರ ನೆಪ. ಎದುರಿಗೆ ನಿಂತು ಮಾತಾಡಿದರೆ ತುಟಿ ನೋಡಿ ತಿಳಿದುಕೊಳ್ಳುತ್ತೇನೆ ಎಂದು ಎಲ್ಲರಿಗೂ ಗೊತ್ತು. ಹೋಗಲಿ. ಕುದುರೆಗೆ ನನ್ನ ಕಿವಿಯ ಸುದ್ದಿ ಬೇಕಿಲ್ಲ.

ನೀನು ಹೇಳಿದ ಹಾಗೆ ಹುಲ್ಲು, ಹುರುಳಿ ನಡೆಯುತ್ತಿದೆ. ಒಂದೇ ಒಂದು ದಿನ ಒಂದು ಚೂರು ಬೆಲ್ಲ ಕೊಟ್ಟೆ. ಕೈ ನೆಕ್ಕಿತು. ಎಷ್ಟು ಮೆತ್ತಗಿರುತ್ತದೆ ಅದರ ತುಟಿ.

ಗಂಗಾಂಬಿಕೆ


ಗುಬ್ಬಿ
6 ಅಕ್ಟೋಬರ್ 2024

ಅನು,

ಹೇಗೆ ಬರೆಯುವುದೋ ತಿಳಿಯದೆ ಎರಡು ದಿನ ಪೆನ್ನು ಹಿಡಿದು ಕುಳಿತಿದ್ದೆ.

ನಿನ್ನ ಅಣ್ಣನ ಸಮಾಧಿಯ ತಲೆಯ ಕಡೆ ಬಿಲ್ವದ ಗಿಡ ನೆಟ್ಟಿದ್ದೇನೆ, ನಿನಗೆ ಗೊತ್ತು. ಗಿಡಕ್ಕೆಂದು ಸುತ್ತ ಮಣ್ಣು ಸಡಿಲ ಮಾಡಿಸಿ, ಮರಳು ಹಾಕಿಸಿ, ಬೆಳಗಾದರೆ ನೀರು ಬಿಡುತ್ತೇನೆ. ಹೋದ ತಿಂಗಳಿಂದ ಬೆಳ್ಳಿ ತಾನಾಗಿಯೇ ಅಲ್ಲಿಗೆ ಬಂದು ನಿಲ್ಲುತ್ತಾಳೆ. ತೋಟವೆಲ್ಲ ಬಿಟ್ಟು ಅಲ್ಲಿಗೇ. ನಿಂತು, ಮುಂಗಾಲು ಎರಡನ್ನೂ ಮುಂದಕ್ಕೆ ಚಾಚಿ, ಮೈಯನ್ನು ಹಿಂದಕ್ಕೆ ಎಳೆದುಕೊಂಡು, ತಲೆ ತಗ್ಗಿಸುತ್ತಾಳೆ. ಬಿಸಿಲು ಏರುವವರೆಗೂ ಹಾಗೇ ಇರುತ್ತಾಳೆ.

ಮೊದಲು ನೋಡಿದವನು ಅಂಜನಪ್ಪ. ಅಡುಗೆಮನೆಯಿಂದ ನನ್ನ ಕೈ ಹಿಡಿದೇ ಕರೆದುಕೊಂಡು ಹೋದ. ‘ನೋಡ್ರವ್ವಾ, ಯಜಮಾನ್ರಿಗೆ ಅಡ್ಡ ಬೀಳ್ತೈತೆ’ ಅಂದ. ನಕ್ಕೆ. ಆಮೇಲೆ ನೋಡಿದೆ. ನನ್ನ ಗಂಡನಿಗೆ ಈ ಎರಡು ವರ್ಷದಲ್ಲಿ ನನ್ನನ್ನು ಬಿಟ್ಟು ಕೈ ಮುಗಿದ ಜೀವ ಅದೊಂದೇ ಎಂದು ಅನ್ನಿಸಿ ಅಲ್ಲೇ ಕುಳಿತುಬಿಟ್ಟೆ.

ಹೋದ ಸೋಮವಾರ ನಿಟ್ಟೂರಿನ ವನಜಾಕ್ಷಿ ಬಂದಿದ್ದಳು. ನನ್ನ ಹತ್ತಿರ ಮೂರನೇ ಕ್ಲಾಸು ಓದಿದವಳು. ಸೆರಗಿನಲ್ಲಿ ಅಕ್ಕಿ ಬೆಲ್ಲ ಕಟ್ಟಿಕೊಂಡು ಬಂದಿದ್ದಳು, ಬರಿಗೈಯಲ್ಲಿ ಬರಬಾರದಂತೆ. ಬೆಳ್ಳಿಯನ್ನು ನೋಡಿ, ನನ್ನ ಕಾಲಿಗೂ ಬಿದ್ದು ಹೋದಳು.

ನಿನಗೆ ತಿಳಿಸದೆ ಇರಲು ಮನಸ್ಸು ಬರಲಿಲ್ಲ.

ನಿನ್ನ ಅತ್ತಿಗೆ


ಜಬಲ್ಪುರ
19 ಅಕ್ಟೋಬರ್ 2024

ಅತ್ತಿಗೆ,

ನಿಮ್ಮ ಕಾಗದವನ್ನು ಸ್ಟಾಫ್ ರೂಮಿನಲ್ಲಿ ಒಡೆದು ತಪ್ಪು ಮಾಡಿದೆ. ಮುಖ ತೊಳೆಯುವ ನೆಪದಲ್ಲಿ ಎದ್ದು ಹೋಗಬೇಕಾಯಿತು.

ನಾನು ಕುಣಿಗಲ್ಲಿನಲ್ಲಿ ಸವಾರಿ ಕಲಿಯುವಾಗ ಅಣ್ಣ ಭಾನುವಾರ ಬಂದು ಬೇಲಿಯ ಆಚೆ ನಿಲ್ಲುತ್ತಿದ್ದ. ನಾನು ಬಿದ್ದರೆ ನಗಬೇಕೆಂದೇ ಬರುತ್ತೇನೆ ಅನ್ನುತ್ತಿದ್ದ. ಬೆಳ್ಳಿಯ ಮೂಗು ಮುಟ್ಟದೆ ಹೋಗುತ್ತಿರಲಿಲ್ಲ. ಅವಳಿಗೆ ಅವನ ನೆನಪಿದೆಯೇ? ಪ್ರಾಣಿಗೆ ಸಮಾಧಿ ಯಾರದೆಂದು ತಿಳಿಯುವುದು ಹೇಗೆ ಎಂದು ನನ್ನೊಳಗಿನ ಸೈನ್ಸ್ ಟೀಚರ್ ಕೇಳಿದಳು. ಸ್ವಲ್ಪ ಸುಮ್ಮನಿರು ಎಂದೆ. ಯಾವುದನ್ನಾದರೂ ಹಾಗೇ ನಂಬಿ ಎಷ್ಟು ಕಾಲವಾಯಿತು.

ಅವಳು ಅಲ್ಲಿ ನಿಲ್ಲಲಿ ಅತ್ತಿಗೆ. ತಡೆಯಬೇಡಿ.

ಅನು


ಗುಬ್ಬಿ
3 ಡಿಸೆಂಬರ್ 2024

ಅನು,

ಬರೆಯಲು ಪುರುಸೊತ್ತೇ ಇಲ್ಲ. ಈ ಮಾತು ನನ್ನ ಕೈಯಿಂದ ಬರುತ್ತದೆ ಎಂದುಕೊಂಡಿರಲಿಲ್ಲ.

ಕಾರ್ತಿಕದ ಸೋಮವಾರಗಳಲ್ಲಿ ಗೇಟಿನಿಂದ ರೈಲ್ವೆ ಹಳಿಯ ತನಕ ಬೈಕುಗಳು. ತುಮಕೂರಿನಿಂದ ಬರುತ್ತಾರೆ, ಅಂತರಸನಹಳ್ಳಿಯ ಫ್ಯಾಕ್ಟರಿಯವರು ರಾತ್ರಿ ಪಾಳಿ ಮುಗಿಸಿ ಸ್ನಾನವನ್ನೂ ಮಾಡದೆ ಬಂದು ನಿಲ್ಲುತ್ತಾರೆ. ಮಠದಿಂದ ಒಬ್ಬರು ಮರಿಸ್ವಾಮಿಗಳು ಬಂದು ಬೆಳ್ಳಿಯ ಹಣೆಗೆ ವಿಭೂತಿ ಇಟ್ಟರು. ಈಗ ಎಲ್ಲರೂ ಬೆಳ್ಳಮ್ಮ ಅನ್ನುತ್ತಾರೆ. ನನ್ನನ್ನು ಟೀಚರಮ್ಮ ಎಂದು ಕರೆದು, ಎದುರಿಗೆ ಬಂದು, ತುಟಿ ಅಗಲಿಸಿ, ಊಟ ಆಯಿತೇ ಎಂದು ಕೇಳುತ್ತಾರೆ.

ನೀರು ಬಿಟ್ಟ ಮಣ್ಣು ಬಂದವರ ಕಾಲಿಗೆ ಮೆತ್ತಿಕೊಳ್ಳುತ್ತಿತ್ತು. ತಿಪಟೂರಿನ ಭಕ್ತರೊಬ್ಬರು ಚಪ್ಪಡಿ ಕಳಿಸಿದರು. ಸಮಾಧಿಯ ಸುತ್ತ ಹಾಸಿಸಿದೆ. ಅದಾದ ಮೇಲೆ ಬೆಳ್ಳಿ ತಾನಾಗಿ ಬರುವುದನ್ನು ನಿಲ್ಲಿಸಿದಳು. ಜನ ಕಂಡು ಹೆಣ್ಣು ಜೀವಕ್ಕೆ ಸಂಕೋಚ ಇರಬಹುದು. ಅಂಜನಪ್ಪ ಹಗ್ಗ ಹಿಡಿದು ನಿಧಾನಕ್ಕೆ ಕರೆತರುತ್ತಾನೆ. ಕಲ್ಲಿನ ಮೇಲೆ ಮೊದಲಿಗಿಂತ ಚೆನ್ನಾಗಿ ಬಾಗುತ್ತಾಳೆ. ಮಧ್ಯಾಹ್ನ ಮಲಗಿಬಿಡುತ್ತಾಳೆ, ವಯಸ್ಸಲ್ಲವೇ.

‘ತಡೆಯಬೇಡಿ’ ಎಂದು ನೀನು ಬರೆದದ್ದನ್ನು ಬಂದವರಿಗೆಲ್ಲ ಓದಿ ಹೇಳಿದೆ. ಕುದುರೆಯ ಯಜಮಾನಿಯೇ ಹೀಗೆ ಬರೆದಿದ್ದಾಳೆ ಅಂದಾಗ ಎಲ್ಲರೂ ಕೈ ಮುಗಿದರು. ನಿನಗೂ ಮುಗಿದ ಹಾಗಾಯಿತು.

ಉಳಿದಂತೆ ಆರೋಗ್ಯ. ಡಾಕ್ಟರ್ ಅಗತ್ಯ ಬಿದ್ದಿಲ್ಲ.

ಗಂಗಾಂಬಿಕೆ


ಜಬಲ್ಪುರ
12 ಜನವರಿ 2025

ಅತ್ತಿಗೆ,

ನಿನ್ನೆ ತುಮಕೂರಿನ ನನ್ನ ಕಾಲೇಜು ಗೆಳತಿ ಒಂದು ವಿಡಿಯೋ ಕಳಿಸಿದಳು. ಅದು ಯಾರ ಕುದುರೆ ಎಂದು ಅವಳಿಗೆ ತಿಳಿಯದು. ‘ಸಮಾಧಿಗೆ ನಮಿಸುವ ಅಶ್ವ’ ಎಂದು ಮೇಲೆ ಬರೆದು ಹಿಂದೆ ಭಜನೆ ಹಾಕಿದ್ದಾರೆ. ಭಜನೆಯನ್ನು ನಿಲ್ಲಿಸಿ ನೋಡಿದೆ.

ಅದು ನಮಸ್ಕಾರವಲ್ಲ.

ಕುದುರೆಯ ಗೊರಸಿನೊಳಗೆ ಒಂದು ಮೂಳೆ ಇದೆ. ಅದನ್ನು ಗೊರಸಿನ ಗೋಡೆಗೆ ಹಿಡಿದಿಡುವ ಪದರ ಸಿಹಿ, ಕಾಳು ಹೆಚ್ಚಾದಾಗ ಉರಿದು, ಬಾತು, ಬಿಟ್ಟುಕೊಳ್ಳುತ್ತದೆ. ನಿಮ್ಮ ಉಗುರಿನ ಕೆಳಗೆ ಮುಳ್ಳು ಹೊಕ್ಕಿದೆ ಎಂದುಕೊಳ್ಳಿ, ಅದರ ಮೇಲೆ ನಿಂತಿದ್ದೀರಿ ಎಂದುಕೊಳ್ಳಿ. ಮುಂಗಾಲಿನ ಮೇಲೆ ಭಾರ ಬೀಳದಿರಲಿ ಎಂದು ಕುದುರೆ ಕಾಲು ಮುಂದೆ ಚಾಚಿ ಹಿಂದಕ್ಕೆ ವಾಲುತ್ತದೆ. ನೀವು ತೋರಿಸುತ್ತಿರುವುದು ಇದನ್ನು. ಅವಳು ಅಣ್ಣನ ಸಮಾಧಿಗೆ ಬರುತ್ತಿದ್ದದ್ದು ಇಡೀ ತೋಟದಲ್ಲಿ ಅಲ್ಲಿಯ ಮಣ್ಣೊಂದೇ ಮೆತ್ತಗೆ, ತಣ್ಣಗೆ ಇತ್ತು ಎಂದು. ಅಲ್ಲಿಗೂ ಕಲ್ಲು ಹಾಸಿದಿರಿ.

ವಿಡಿಯೋದಲ್ಲಿ ಅಂಜನಪ್ಪನ ಕೈಯಲ್ಲಿ ಬೆಲ್ಲದ ಬೇಸನ್ ಇದೆ. ಜನ ಸಾಲಾಗಿ ಬಾಳೆಹಣ್ಣು ತಿನ್ನಿಸುತ್ತಿದ್ದಾರೆ. ನೀವು ಪಕ್ಕದಲ್ಲಿ ಕುರ್ಚಿಯ ಮೇಲೆ ಕುಳಿತಿದ್ದೀರಿ.

ಅಂಜನಪ್ಪ ನನ್ನ ಫೋನ್ ಎತ್ತುತ್ತಿಲ್ಲ, ಅದಕ್ಕೇ ಕಾಗದ. ಇವತ್ತಿನಿಂದಲೇ ಹುಲ್ಲು ಬಿಟ್ಟು ಬೇರೇನೂ ಬೇಡ. ಕೊಟ್ಟಿಗೆಯಲ್ಲಿ ಮೊಣಕೈ ಆಳಕ್ಕೆ ಮರಳು ಹಾಕಿಸಿ. ಒಂದು ಹೆಜ್ಜೆಯೂ ನಡೆಸಬೇಡಿ. ಸೋಮವಾರ ಗೇಟು ಹಾಕಿ. ಡಾಕ್ಟರ್ ಮೋನಿಕಾ ಈ ವಾರ ಬರುತ್ತಾರೆ, ಹೇಳಿದ್ದೇನೆ. ಬೋರ್ಡ್ ಪರೀಕ್ಷೆ ಹತ್ತಿರ ಇರುವುದರಿಂದ ನನಗೆ ರಜೆ ಸಿಗುತ್ತಿಲ್ಲ.

‘ತಡೆಯಬೇಡಿ’ ಎಂದು ಬರೆದವಳು ನಾನೇ. ಕುದುರೆಯ ಬಗ್ಗೆ ಒಂದಿಷ್ಟು ಓದಿದವಳು, ಅವಳು ನಿಲ್ಲುವ ರೀತಿಯನ್ನು ನೀವು ಅಷ್ಟು ಸ್ಪಷ್ಟವಾಗಿ ಬರೆದಿದ್ದರೂ ನನಗೆ ಹೊಳೆಯಲಿಲ್ಲ. ಹೊಳೆಯಲಿಲ್ಲವೋ, ಬೇಡವಾಗಿತ್ತೋ.

ಅನುಪಮಾ


ಗುಬ್ಬಿ
27 ಜನವರಿ 2025

ಅನುಪಮಾಳಿಗೆ,

ಡಾಕ್ಟರ್ ಬಂದಿದ್ದರು. ಚಿಕ್ಕ ಹುಡುಗಿ. ದೊಡ್ಡ ಇಕ್ಕಳದಂಥದ್ದರಲ್ಲಿ ಗೊರಸನ್ನು ಒತ್ತಿದರು, ಬೆಳ್ಳಿ ಮೈಯೆಲ್ಲ ನಡುಗಿಸಿದಳು. ಒತ್ತಿದರೆ ಯಾರಿಗಾದರೂ ನೋಯುತ್ತದೆ. ಮಾತ್ರೆ ಕೊಟ್ಟಿದ್ದಾರೆ, ಅಂಜನಪ್ಪ ನುಂಗಿಸುತ್ತಿದ್ದಾನೆ. ಕೊಟ್ಟಿಗೆಗೆ ಮರಳು ಬಂದಿದೆ. ಬೆಲ್ಲ ನಿಲ್ಲಿಸಿದ್ದೇವೆ. ಹರಕೆ ಹೊತ್ತು ದೂರದಿಂದ ಬಂದವರು ಬಾಯಿಗೆ ಇಟ್ಟೇ ಹೋಗುತ್ತೇವೆ ಎಂದರೆ ನಾನು ಅವರ ಕೈ ಹಿಡಿಯಲಾರೆ.

ನಿನ್ನ ಅಣ್ಣನಿಗೆ ಅವಳು ಮಾಡುವ ನಮಸ್ಕಾರವನ್ನು ನೀನು ಕಾಲಿನ ರೋಗ ಅಂದೆ. ಇರಬಹುದು. ನಾವೂ ಮಂಡಿ ನೋವು ಇಟ್ಟುಕೊಂಡೇ ದೇವರಿಗೆ ಅಡ್ಡ ಬೀಳುತ್ತೇವೆ. ನೋಯುತ್ತದೆ ಎಂದ ಮಾತ್ರಕ್ಕೆ ಅದು ಭಕ್ತಿ ಅಲ್ಲದೆ ಹೋಗುತ್ತದೆಯೇ? ವಿಡಿಯೋದಲ್ಲಿ ನಾನು ಕುಳಿತಿದ್ದ ಕುರ್ಚಿಯನ್ನು ನೀನು ಗುರುತಿಸಿದೆ. ಅದಕ್ಕೆ ಮೊದಲು ನಾನು ಒಬ್ಬಳೇ ಕುಳಿತಿದ್ದ ಜಗಲಿ ನಿನಗೆ ಯಾವ ವಿಡಿಯೋದಲ್ಲೂ ಕಾಣಿಸಲಿಲ್ಲ.

ಶಿವರಾತ್ರಿಗೆ ಎಲ್ಲ ಏರ್ಪಾಡೂ ಆಗಿದೆ. ಮರಿಸ್ವಾಮಿಗಳು ಬರುತ್ತಾರೆ. ಅದೊಂದು ಆಗಲಿ, ಆಮೇಲೆ ಅವಳಿಗೆ ಪೂರಾ ವಿಶ್ರಾಂತಿ.

ರಜೆ ಸಿಗುತ್ತಿಲ್ಲ ಎಂದು ಬರೆದಿದ್ದೀಯೆ. ಕೇಳಿದೆಯಾ?

ಗಂಗಾಂಬಿಕೆ


ಜಬಲ್ಪುರ
10 ಫೆಬ್ರವರಿ 2025
(ಸ್ಪೀಡ್ ಪೋಸ್ಟ್)

ಅತ್ತಿಗೆ,

ಮೋನಿಕಾ ಫೋನ್ ಮಾಡಿದ್ದರು. ಎಡ ಮುಂಗಾಲಿನ ಮೂಳೆ ಜಾರಿ ಗೊರಸಿನ ಅಡಿಯನ್ನು ತೂತು ಮಾಡಿ ಹೊರಗೆ ಬಂದಿದೆ. ಬಲಗಾಲೂ ಅದೇ ದಾರಿಯಲ್ಲಿದೆ. ಇನ್ನು ಮಾಡುವುದು ಏನೂ ಇಲ್ಲ. ಇಂಜೆಕ್ಷನ್ ಕೊಟ್ಟು ಶಾಶ್ವತವಾಗಿ ಮಲಗಿಸಬೇಕು. ನಾನು ಒಪ್ಪಿಗೆ ಕೊಟ್ಟಿದ್ದೇನೆ. ಶನಿವಾರ ಬೆಳಿಗ್ಗೆ ಬರುತ್ತಾರೆ. ಐದು ನಿಮಿಷದ ಕೆಲಸ, ಅವಳಿಗೆ ಸೂಜಿ ಚುಚ್ಚಿದ್ದು ಬಿಟ್ಟು ಬೇರೇನೂ ತಿಳಿಯುವುದಿಲ್ಲ.

ಅವರು ಇನ್ನೊಂದು ವಿಷಯವನ್ನೂ ಹೇಳಿದರು, ನೀವೇ ನನಗೆ ಆಗಲೇ ತಿಳಿಸಿರುತ್ತೀರಿ ಎಂದುಕೊಂಡಿದ್ದರಂತೆ. ಬೆಳ್ಳಿ ಏಳಲಿಲ್ಲ ಎಂದು ಹೆದರಿ ಅಂಜನಪ್ಪ ನವೆಂಬರಿನಲ್ಲೇ ಅವರನ್ನು ಕರೆಸಿದ್ದನಂತೆ. ಬೆಲ್ಲ ನಿಲ್ಲಿಸಿ, ಕಲ್ಲು ಕೀಳಿಸಿ, ಈಗಲಾದರೆ ಉಳಿಯುತ್ತಾಳೆ ಎಂದು ನಿಮ್ಮ ಎದುರಿಗೆ ಕುಳಿತು ಹೇಳಿದರಂತೆ. ‘ಡಾಕ್ಟರ್ ಅಗತ್ಯ ಬಿದ್ದಿಲ್ಲ’ ಎಂದು ನೀವು ನನಗೆ ಬರೆದದ್ದು ಡಿಸೆಂಬರಿನಲ್ಲಿ.

ಅದರ ಬಗ್ಗೆ ಈಗ ಏನೂ ಕೇಳುವುದಿಲ್ಲ. ಒಂದೇ ಕೇಳುತ್ತೇನೆ. ಶನಿವಾರ ಗೇಟು ತೆಗೆಯಿರಿ.

ಅನುಪಮಾ


ಗುಬ್ಬಿ
7 ಮಾರ್ಚ್ 2025

ಅನು,

ಡಾಕ್ಟರ್ ಎಲ್ಲ ಹೇಳಿರುತ್ತಾರೆ. ಆದರೂ ನಾನು ಬರೆಯಬೇಕು.

ಶನಿವಾರ ಅವರು ಬರುವಷ್ಟರಲ್ಲಿ ಸುದ್ದಿ ಹಬ್ಬಿತ್ತು. ಗೇಟಿನ ಒಳಗೂ ಹೊರಗೂ ಜನ. ವನಜಾಕ್ಷಿ ನನ್ನ ಎರಡೂ ಕೈ ಹಿಡಿದು, ‘ಟೀಚರಮ್ಮ, ಯಜಮಾನ್ರ ಮುಂದೇನೇ ಸೂಜಿ ಚುಚ್ಚಿ ಕೊಲ್ಲುಸ್ತೀರಾ? ಆಮೇಲೆ ಈ ಮಣ್ಣಿಗೆ ಯಾರು ಬತ್ತಾರೆ?’ ಅಂದಳು. ಬೀಗದ ಕೈ ನನ್ನ ಸೊಂಟದಲ್ಲಿತ್ತು. ಡಾಕ್ಟರ್ ಗೇಟಿನ ಆಚೆಯಿಂದ ನನ್ನನ್ನೇ ನೋಡಿ ಏನೋ ಹೇಳುತ್ತಿದ್ದರು. ತುಟಿ ನೋಡಿದ್ದರೆ ತಿಳಿಯುತ್ತಿತ್ತು. ನಾನು ನೆಲ ನೋಡಿದೆ. ಆಮೇಲೆ ಕಾರು ಹೋದದ್ದು ಕಾಣಿಸಿತು.

ಶಿವರಾತ್ರಿಯ ದಿನ ಅವಳಿಗೆ ಏಳಲು ಆಗಲಿಲ್ಲ. ಹೊಟ್ಟೆಯ ಕೆಳಗೆ ಗೋಣಿಪಟ್ಟಿ ಹಾಕಿ, ಬೊಂಬು ಕೊಟ್ಟು, ಗಂಡಸರೆಲ್ಲ ಸೇರಿ ಎತ್ತಿ ಸಮಾಧಿಯ ಮುಂದೆ ನಿಲ್ಲಿಸಿದರು. ಬಾಗಿದಳು. ಮರಿಸ್ವಾಮಿಗಳ ಕಣ್ಣಲ್ಲೂ ನೀರು ಬಂತು. ಕಲ್ಲಿನ ಮೇಲೆ ರಕ್ತ ಇತ್ತು, ಕುಂಕುಮ ಎಂದುಕೊಂಡರು. ನಾನು ತಿದ್ದಲಿಲ್ಲ. ಎರಡು ದಿನ ಬಿಟ್ಟು ಸತ್ತಳು. ನಿನ್ನ ಅಣ್ಣನ ಪಕ್ಕದಲ್ಲೇ ಗುಂಡಿ ತೆಗೆದು ವಿಭೂತಿ ಹಾಕಿ ಮಣ್ಣು ಮಾಡಿದ್ದೇವೆ.

ನವೆಂಬರಿನಲ್ಲಿ ಡಾಕ್ಟರ್ ಹೇಳಿದ್ದು ನಿಜ. ನನಗೆ ಅರ್ಥವೂ ಆಗಿತ್ತು. ಪಾಠ ಹೇಳಿದವಳು, ಅರ್ಥವಾಗಲಿಲ್ಲ ಎಂದು ಸುಳ್ಳು ಹೇಳುವುದಿಲ್ಲ. ಮಾರನೆಯ ದಿನ ಸೋಮವಾರ ಇತ್ತು. ಬೆಳಗಾಗುವ ಮೊದಲೇ ಜನ ಬಂದು ಟೀಚರಮ್ಮ ಎಂದು ಬಾಗಿಲು ತಟ್ಟುತ್ತಿದ್ದರು. ಹೊಸಿಲ ಮೇಲೆ ಕೈ ಇಟ್ಟರೆ ಬಾಗಿಲು ತಟ್ಟುವುದು ನನಗೆ ಗೊತ್ತಾಗುತ್ತದೆ. ಇಷ್ಟೇ. ಇದನ್ನು ಬಿಟ್ಟು ನನ್ನ ಹತ್ತಿರ ಬೇರೆ ಕಾರಣ ಇಲ್ಲ.

ಈಗಲೂ ಸೋಮವಾರ ಬರುತ್ತಾರೆ. ಮೊದಲಿಗಿಂತ ಕಡಿಮೆ. ಎರಡು ಗುಡ್ಡೆ ಮಣ್ಣು ನೋಡಿ ಎಷ್ಟು ಹೊತ್ತು ನಿಲ್ಲುತ್ತಾರೆ ಪಾಪ. ಕುಣಿಗಲ್ ಕಡೆ ಓಟ ನಿಲ್ಲಿಸಿದ ಕುದುರೆಗಳು ಸಿಗುತ್ತವೆಯಂತೆ. ನಿನಗೆ ಅಲ್ಲಿಯವರ ಪರಿಚಯ ಇದೆ. ಬಿಳಿಯದು, ಸಾಧು ಸ್ವಭಾವದ್ದು ಒಂದನ್ನು ನೋಡಿ ಕಳಿಸುತ್ತೀಯಾ? ನಿಲ್ಲುವುದನ್ನು ಕಲಿಸಲು ಮೂರು ನಾಲ್ಕು ತಿಂಗಳು ಸಾಕು ಎಂದು ಅಂಜನಪ್ಪ ಹೇಳುತ್ತಾನೆ. ಬೆಲ್ಲ ತಿನ್ನುವಂಥದಾದರೆ ಸರಿ.

ಗಂಗಾಂಬಿಕೆ


ಜಬಲ್ಪುರ
18 ಮಾರ್ಚ್ 2025

ಅತ್ತಿಗೆ,

ಕುಣಿಗಲ್ಲಿನಲ್ಲಿ ನನಗೆ ಗೊತ್ತಿರುವ ಎಲ್ಲರಿಗೂ ಫೋನ್ ಮಾಡಿ ನಿಮ್ಮ ಹೆಸರು, ಅಂಜನಪ್ಪನ ಹೆಸರು ಹೇಳಿ, ಕುದುರೆ ಕೊಡಬೇಡಿ ಎಂದೆ. ಕಾರಣ ಕೇಳಿದವರಿಗೆ ನಿಮ್ಮ ಕಾಗದದ ಕೊನೆಯ ಸಾಲುಗಳನ್ನು ಓದಿ ಹೇಳಿದೆ.

ರಜೆಗೆ ಬರೆದುಕೊಟ್ಟೆ. ಬರೆದುಕೊಟ್ಟ ದಿನವೇ ಸಿಕ್ಕಿತು.

ಏಪ್ರಿಲ್ ಎರಡನೇ ವಾರ ಬರುತ್ತೇನೆ. ತೋಟ ಇನ್ನೂ ತೀರಿಕೊಂಡ ಅಪ್ಪನ ಹೆಸರಿನಲ್ಲೇ ಇದೆ, ಅರ್ಧ ನನ್ನದು. ಅಣ್ಣ ಇದ್ದಾಗ ಕೇಳಿರಲಿಲ್ಲ, ಕೇಳುವ ಮನಸ್ಸೂ ಇರಲಿಲ್ಲ. ಈಗ ಕೇಳುತ್ತಿದ್ದೇನೆ. ಮನೆ, ಬಾವಿ, ಫಲ ಬಿಡುವ ಮರಗಳೆಲ್ಲ ನಿಮಗಿರಲಿ. ರೈಲ್ವೆ ಹಳಿಯ ಕಡೆಯ ಅರ್ಧ ನನಗೆ ಸಾಕು. ಸಮಾಧಿ ಆ ಅರ್ಧದಲ್ಲಿ ಬರುತ್ತದೆ. ಚಪ್ಪಡಿ ಕೀಳಿಸುತ್ತೇನೆ, ಸುತ್ತ ತಂತಿ ಬೇಲಿ ಹಾಕಿಸುತ್ತೇನೆ, ಅಂಜನಪ್ಪನಲ್ಲದ ಒಬ್ಬರನ್ನು ಕಾವಲಿಗೆ ಇಡುತ್ತೇನೆ. ಸೋಮವಾರ ಯಾರೂ ಒಳಗೆ ಬರುವಂತಿಲ್ಲ. ನೀವು ಬೇರೆ ದಿನ ಹೋಗಬಹುದು. ಹೋಗಬೇಕೆನಿಸಿದಾಗ ನನಗೆ ಒಂದು ಕಾಗದ ಬರೆಯಿರಿ. ನಾನು ಉತ್ತರ ಬರೆಯುತ್ತೇನೆ. ಅದನ್ನು ತೋರಿಸಿದರೆ ಬೀಗ ತೆಗೆಯುತ್ತಾರೆ.

ನೀವು ನನ್ನ ಅಣ್ಣನ ಹೆಂಡತಿ, ಇಪ್ಪತ್ತು ವರ್ಷ ಅವನ ಜೊತೆ ಇದ್ದವರು. ಅವನ ಸಮಾಧಿಗೆ ಹೋಗಲು ನನ್ನ ಅಪ್ಪಣೆ ಕೇಳಬೇಕು ಎಂದು ಬರೆಯುವಾಗ ಕೈ ನಿಂತಿತು. ಇದು ಬೆಳ್ಳಿಗಾಗಿಯೇ ಎಂದು ನನ್ನನ್ನೇ ಕೇಳಿಕೊಂಡೆ. ಅಲ್ಲ. ಅವಳಿಗೆ ಇನ್ನು ಬೇಲಿಯಿಂದ ಆಗಬೇಕಾದದ್ದು ಏನೂ ಇಲ್ಲ. ಇನ್ನೊಂದು ಕುದುರೆಗೆ ಹೀಗಾಗದಿರಲಿ ಎಂದೇ? ಅದನ್ನು ಫೋನ್ ಮಾಡಿ ಮುಗಿಸಿದ್ದೇನೆ.

ಸೋಮವಾರ ಬೆಳಿಗ್ಗೆ ನೀವು ಜಗಲಿಯ ಮೇಲೆ ಕುಳಿತಿರಬೇಕು, ಯಾರೂ ಬರಬಾರದು. ಅದಕ್ಕಾಗಿಯೇ.

ಅನುಪಮಾ